ಹಸಿದವರ ಸಾಲು

ಹುಲಿಗೆವ್ವ ದೊಡ್ಡಮನಿ ಕಾಗದವನ್ನು ಎರಡು ಸಲ ಓದಿದಳು. ಆಮೇಲೆ ಅದನ್ನು ಮೇಜಿನ ಆಚೆ ಬದಿಗೆ ಸರಿಸಿದಳು.

“ನಾ ಸಹಿ ಮಾಡಾಂಗಿಲ್ರಿ.”

ಎದುರಿಗೆ ಕುಳಿತಿದ್ದ ಡಾಕ್ಟರ್ ಇಂದುಮತಿ ಕುಬಸದಗೆ ಈ ಉತ್ತರ ಹೊಸದು. ನಾಲ್ಕು ವರ್ಷಗಳಲ್ಲಿ ಇನ್ನೂರ ಹದಿಮೂರು ಜನ ಅದೇ ಕುರ್ಚಿಯಲ್ಲಿ ಕೂತು ಇಂಥದೇ ಕಾಗದಕ್ಕೆ ಸಹಿ ಹಾಕಿ ಹೋಗಿದ್ದರು. ಕೆಲವರು ಅತ್ತಿದ್ದರು. ಕೆಲವರು ಇನ್ನೊಂದು ಅವಕಾಶ ಕೊಡಿ ಎಂದು ಕೈಮುಗಿದಿದ್ದರು. ಆಗುವುದಿಲ್ಲ ಎಂದವರು ಯಾರೂ ಇರಲಿಲ್ಲ.

ಕಾಗದದಲ್ಲಿದ್ದದ್ದು ಇಷ್ಟೇ: ‘ನಾನು ಒಂದೇ ತಿಂಗಳಲ್ಲಿ ಮೂರು ಬಾರಿ ಆಹಾರದ ವೇಳೆಯನ್ನು ಉಲ್ಲಂಘಿಸಿರುತ್ತೇನೆ. ನನ್ನನ್ನು ಅಸಹಕಾರಿ ರೋಗಿ ಎಂದು ಪರಿಗಣಿಸಿ ಪಟ್ಟಿಯಿಂದ ಕೈಬಿಡಲು ನನ್ನ ಒಪ್ಪಿಗೆ ಇರುತ್ತದೆ.’

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೊನೆಯಲ್ಲಿದ್ದ ಆ ಕಟ್ಟಡದ ಹೆಸರು ಉತ್ತರ ವಲಯ ಜೀವಕೋಶ ನಿಗಾ ಕೇಂದ್ರ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆದವರು ವರ್ಷ ತುಂಬುವುದರೊಳಗೆ ಸಾಯುತ್ತಿದ್ದ ಕಾಲ ಮುಗಿದು ಆಗ ಆರು ವರ್ಷವಾಗಿತ್ತು. ಒಂದು ಔಷಧಿ ಗಂಟಿನ ಬೆಳವಣಿಗೆಯನ್ನು ನಿಲ್ಲಿಸಿ ಅದರ ಕೋಶಗಳನ್ನು ಮಲಗಿಸುತ್ತಿತ್ತು. ಆದರೆ ಮಲಗಿದ ಕೋಶ ಸತ್ತ ಕೋಶವಲ್ಲ. ಅದು ತನ್ನೊಳಗಿನ ಹಳೆಯ, ಮುರಿದ ಭಾಗಗಳನ್ನೇ ತಿಂದು ವರ್ಷಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲದು. ಸ್ವಭಕ್ಷಣೆ ಎಂದು ಅದಕ್ಕೆ ಹೆಸರು. ಈ ಸ್ವಭಕ್ಷಣೆಯನ್ನು ಅಳೆಯಲು ಜೋಳದ ಕಾಳಿನಷ್ಟು ದೊಡ್ಡ ಮಾಪಕವೊಂದನ್ನು ಗಂಟಿನ ಪಕ್ಕದಲ್ಲಿ ಕೂರಿಸುತ್ತಿದ್ದರು. ರೋಗಿಗಳೆಲ್ಲ ಅದನ್ನು ಕಾಳು ಎಂದೇ ಕರೆಯುತ್ತಿದ್ದರು. ಹೊಟ್ಟೆಯ ಚರ್ಮದಡಿಯಲ್ಲಿ ಒಂದು ಪುಟ್ಟ ಪಂಪು. ಅದು ದಿನಾ ಬೆಳಿಗ್ಗೆ ಒಂಬತ್ತು ಗಂಟೆಗೆ ಸ್ವಭಕ್ಷಣೆ ತಡೆಯುವ ಮದ್ದನ್ನು ಹನಿಸುತ್ತಿತ್ತು. ಎಲ್ಲ ಕಾಳುಗಳ ಸಂದೇಶವೂ ಈ ಕಟ್ಟಡದ ಎರಡನೆಯ ಮಹಡಿಯ ನಿಯಂತ್ರಣ ಕೊಠಡಿಗೆ ಬರುತ್ತಿತ್ತು.

ನಿಯಮ ಒಂದೇ. ರೋಗಿ ಹಸಿದಿರಬಾರದು. ಮೂರು ಗಂಟೆಗೊಮ್ಮೆ ತಿನ್ನಬೇಕು. ಹಸಿದಾಗ ಹೃದಯ, ಯಕೃತ್ತಿನ ಒಳ್ಳೆಯ ಕೋಶಗಳು ಕೂಡ ಸ್ವಭಕ್ಷಣೆಯನ್ನು ನೆಚ್ಚಿಕೊಳ್ಳುತ್ತವೆ. ಆಗ ಮದ್ದು ಹೋದರೆ ಅವಕ್ಕೂ ಪೆಟ್ಟು. ಅದಕ್ಕೇ ಹಸಿವು ಒಂದು ಮಟ್ಟ ದಾಟಿದ ಕೂಡಲೇ ಪಂಪಿಗೆ ತಾನಾಗಿ ಬೀಗ ಬೀಳುತ್ತಿತ್ತು. ತಿಂಗಳಲ್ಲಿ ಮೂರು ಸಲ ಬೀಗ ಬಿದ್ದರೆ ರೋಗಿಯ ಕಾಳನ್ನು ಆರಿಸಿ, ಎಂದರೆ ಅದನ್ನೂ ಪಂಪನ್ನೂ ನಿಲ್ಲಿಸಿ, ಅವನ ಪಾಲಿನ ಮದ್ದನ್ನು ಸರದಿಯಲ್ಲಿದ್ದ ಮುಂದಿನವರಿಗೆ ಕೊಡುತ್ತಿದ್ದರು.

ಈ ನಿಯಮವನ್ನು ಬರೆದವಳು ಇಂದುಮತಿಯೇ.

“ಹುಲಿಗೆವ್ವಾರ,” ಎಂದಳು ಅವಳು, “ನಿಮಗ ತ್ರಾಸ ಕೊಡಬೇಕಂತ ಮಾಡಿದ್ದಲ್ಲ ಇದು. ನಿಮ್ಮ ಜೀವಕ್ಕ ಅಪಾಯ ಐತಿ.”

“ಜೀವದ ಮಾತು ಆಮ್ಯಾಲ ಆಡೋಣ್ರಿ. ಮೊದಲ ಇದನ್ನ ಹೇಳ್ರಿ. ಮುಂಜಾನೆ ನಾಕೂವರಿಗೆ ರೊಟ್ಟಿ ತಿಂದು ಮನಿ ಬಿಡ್ತೀನಿ. ಐದೂವರಿಗೆ ದುರ್ಗದ ಬೈಲಿನ್ಯಾಗ ಕಸಬರಗಿ ಹಿಡೀತೀನಿ. ದೊಡ್ಡ ರಸ್ತೆಕ್ಕ ಮಷೀನ್ ಬಂದಾವು, ಓಣಿಗೆ ಇನ್ನೂ ನಾವಾ. ಏಳೂವರಿಗೆ ತಿನ್ನು ಅಂತ ಕೈಯಾಗಿನ ಪಟ್ಟಿ ಗುರ್ ಅಂತೈತಿ. ಕೈ ತೊಳಿಯಾಕ ನೀರಿಲ್ಲ. ಉಳದ ದಿನ ಎಂಟೂವರಿಗರೆ ಎಲ್ಲೋ ನೀರು ಸಿಕ್ಕು ತಿಂದೀನಿ, ಆ ಮೂರು ದಿನ ಅದೂ ಸಿಗಲಿಲ್ಲ. ಗಟಾರ ಬಳದ ಕೈಲೆ ತುತ್ತು ಬಾಯಿಗೆ ಇಡ್ಲೇನು?”

ಇಂದುಮತಿ ಪೆನ್ನಿನ ಮುಚ್ಚಳ ಹಾಕಿದಳು.

“ನನ್ನ ಗಂಡ ಮೂರು ಡಬ್ಬಿ ಕಟ್ಟಿ ಕೊಡ್ತಾನ್ರಿ. ಅದನ್ನ ಗಾಡ್ಯಾಗ ಕಸದ ಮ್ಯಾಲ ಇಟ್ಕೊಂಡು ತಿರಗ್ತೀನಿ. ನಾ ಮಾಡಿದ ತಪ್ಪು ಯಾವದು ಅಂತ ಹೇಳ್ರಿ, ಸಹಿ ಮಾಡ್ತೀನಿ.”

ಆಕೆಗೆ ನಲವತ್ತಾರು ವರ್ಷ. ಕೆಲಸದ ಹಸಿರು ಕೋಟನ್ನು ತೆಗೆಯದೆಯೇ ಬಂದಿದ್ದಳು. ದನಿ ಏರಿಸಿರಲಿಲ್ಲ. ಓಣಿಯ ಯಾರ ಬಾಗಿಲಲ್ಲಾದರೂ ನಿಂತು ಹಸಿಕಸ ಒಣಕಸ ಬೇರೆ ಮಾಡಿ ಎಂದು ಹೇಳುವವರ ದನಿಯಲ್ಲೇ ಮಾತಾಡಿದ್ದಳು.

“ಹಸಿವಾದ ಕೂಡ್ಲೆ ಗಂಟಿನ ಕೋಶ ತನ್ನ ಕಸಾನ ತಾನಾ ಎತ್ತಾಕ ಶುರು ಮಾಡತೈತಿ,” ಎಂದು ಇಂದುಮತಿ ವಿವರಿಸಲು ಹೊರಟಳು. “ಎಂಟಾರ್ ಅಂತ ಒಂದು ಪ್ರೊಟೀನ್ ಐತಿ. ಊಟ ಸಿಗೂತನ ಅದು ಸ್ವಭಕ್ಷಣೆನ ತಡದು ಹಿಡೀತೈತಿ. ಊಟ ನಿಂತ್ರ ಕೈ ಬಿಡತೈತಿ. ಆವಾಗ ಬ್ಯಾರೆ ಪ್ರೊಟೀನ್ ಬಂದು ಹಳೇ ಸಾಮಾನೆಲ್ಲಾ ಚೀಲದಾಗ ಕಟ್ಟಿ ಕರಗಸ್ತಾವು. ಅದರಿಂದಾನ ಕೋಶ ಬದಕತೈತಿ.”

ಹುಲಿಗೆವ್ವ ಗಮನವಿಟ್ಟು ಕೇಳಿದಳು. “ಅಲ್ಲೂ ಪೌರಕಾರ್ಮಿಕರು ಅದಾರ ಅನ್ರಿ. ನಿಮ್ಮ ಮದ್ದು ಅವರನ್ನ ನಿಲ್ಲಸತೈತಿ.”

“ಹೌದು.”

“ಹೊಟ್ಟಿ ತುಂಬಿದಾಗ ನಿಲ್ಲಸತೈತಿ.”

“ಹೌದು.”

“ಅದೆಂಥಾ ಸ್ಟ್ರೈಕ್ರಿ?” ಹುಲಿಗೆವ್ವ ಹುಬ್ಬು ಗಂಟಿಕ್ಕಿದಳು. “ನಾವು ಸ್ಟ್ರೈಕ್ ಮಾಡಿದ್ರ ಕಸ ಕಡಿಮಿ ಬೀಳೂ ದಿನ ಮಾಡೂದಿಲ್ಲ. ಸಂತಿ ದಿನ ಮಾಡ್ತೀವಿ, ಹಬ್ಬದ ದಿನ ಮಾಡ್ತೀವಿ. ಆವಾಗ ಎರಡು ದಿನದಾಗ ಊರು ನಾರತೈತಿ. ಕಸಾನ ಇಲ್ಲದ ದಿನ ಕೆಲಸ ಬಿಟ್ರ ಯಾರಿಗೆ ಗೊತ್ತಾಗತೈತಿ?”

ಆಮೇಲೆ ಎದ್ದು ನಿಂತು ಒಂದೇ ಮಾತು ಕೇಳಿದಳು. “ಬೀಗ ಬಿದ್ದ ಆ ಮೂರು ದಿನ ನನ್ನ ಗಂಟು ದೊಡ್ಡದಾಗೈತೋ, ಸಣ್ಣದಾಗೈತೋ?”

ಇಂದುಮತಿ ಪರದೆಯನ್ನು ನೋಡಿದಳು. ಮೊದಲ ಬೀಗ ಬಿದ್ದ ದಿನದಿಂದ ಈಚೆಗಿನ ಜಾಗವೆಲ್ಲ ಖಾಲಿ ಇತ್ತು. ಉಲ್ಲಂಘನೆಯಾದ ತಿಂಗಳ ಅಳತೆಗಳು ನಂಬಿಕೆಗೆ ಅರ್ಹವಲ್ಲವೆಂದು ಗಣಕ ಅವನ್ನು ಬದಿಗಿಡುತ್ತಿತ್ತು. ಅದು ಕೂಡ ಅವಳೇ ಬರೆದ ಸೂಚನೆ.

“ಗೊತ್ತಿಲ್ಲ,” ಎಂದಳು.

“ಗೊತ್ತು ಮಾಡ್ಕೊಳ್ರಿ. ಅಲ್ಲೀತನ ಕಾಳು ಆರಸಬ್ಯಾಡ್ರಿ.”

ಸಹಿ ಇಲ್ಲದೆ ಕಾಳನ್ನು ಆರಿಸಬೇಕಾದರೆ ಹದಿನಾಲ್ಕು ದಿನ ಕಾಯಬೇಕು ಎಂದು ನಿಯಮದ ಕೊನೆಯಲ್ಲಿ ಒಂದು ಸಾಲಿತ್ತು. ಅದನ್ನು ಬಳಸುವ ಪ್ರಸಂಗ ಅದುವರೆಗೆ ಬಂದಿರಲಿಲ್ಲ.

*

ಇಂದುಮತಿ ಮಧ್ಯಾಹ್ನ ಮನೆಗೆ ಹೋದಾಗ ಅವಳ ತಾಯಿ ಪಾರ್ವತೆವ್ವ ಅವಲಕ್ಕಿಯ ತಟ್ಟೆಯನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಆಕೆಯ ಹೊಟ್ಟೆಯಲ್ಲೂ ಕಾಳಿತ್ತು. ಅಡುಗೆಯವಳು ಮೂರು ಗಂಟೆಗೊಮ್ಮೆ ತಪ್ಪದೆ ತಟ್ಟೆ ತಂದಿಡುತ್ತಿದ್ದಳು. ನಾಲ್ಕು ವರ್ಷಗಳಲ್ಲಿ ಒಂದು ಸಲವೂ ಬೀಗ ಬಿದ್ದಿರಲಿಲ್ಲ. ಕೇಂದ್ರದ ಮಾಹಿತಿ ಪುಸ್ತಕದಲ್ಲಿ ಮಾದರಿ ರೋಗಿ ಎಂದು ಆಕೆಯ ನಕ್ಷೆಯನ್ನೇ ಅಚ್ಚು ಹಾಕಿಸಿದ್ದರು.

“ತಿನ್ನಬೇ ಯವ್ವಾ. ಹೊತ್ತಾತು.”

“ತಿಂತೀನಿ.” ಮುದುಕಿ ಒಂದು ಚಮಚ ಬಾಯಿಗಿಟ್ಟುಕೊಂಡಳು. “ಇಂದು, ನನಗ ಹಸಿವಾಗಿ ನಾಕ ವರ್ಷಾತು. ಔಷಧ ತಿಂದಂಗ ತಿಂತೀನಿ. ನಿಮ್ಮಪ್ಪ ಹೊಲದಿಂದ ಬರೂತನ ಹಸಕೊಂಡು ಕಾಯ್ತಿದ್ನಿ. ಆವಾಗಿನ ರೊಟ್ಟಿ ರುಚಿ ಈಗ ನೆನಪೂ ಬರವಲ್ದು.”

ಇಂದುಮತಿ ತಾಯಿಯ ನಕ್ಷೆಯನ್ನು ಫೋನಿನಲ್ಲಿ ತೆರೆದಳು. ಗಂಟಿನ ಗಾತ್ರ ಹದಿನೆಂಟು ಮಿಲಿಮೀಟರು. ನಾಲ್ಕು ವರ್ಷದ ಹಿಂದೆಯೂ ಹದಿನೆಂಟು. ಬೆಳೆದಿರಲಿಲ್ಲ, ಕುಗ್ಗಿಯೂ ಇರಲಿಲ್ಲ. ಇಷ್ಟು ದಿನ ಆ ನೇರ ಗೆರೆಯನ್ನು ನೋಡಿದಾಗಲೆಲ್ಲ ಅವಳಿಗೆ ಸಮಾಧಾನವಾಗುತ್ತಿತ್ತು. ಈಗ ಹಾಗಾಗಲಿಲ್ಲ. ಕಸ ಇಲ್ಲದ ದಿನ ಕೆಲಸ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದ ಹೆಂಗಸಿನ ಮಾತು ಅವಳನ್ನು ಬಿಡಲಿಲ್ಲ. ಊಟ ಮಾಡದೆಯೇ ಕೇಂದ್ರಕ್ಕೆ ಮರಳಿದಳು.

*

ನಿಯಂತ್ರಣ ಕೊಠಡಿಯ ಹಿರಿಯ ನಿರ್ವಾಹಕ ನಜೀರ್ ಅಹ್ಮದ್ ಮುಲ್ಲಾ ಬದಿಗಿಟ್ಟ ಸಾಲುಗಳನ್ನು ತೆರೆಯಲು ಹಿಂದೆಮುಂದೆ ನೋಡಿದ.

“ಮೇಡಂ, ಇದಕ್ಕ ನಿರ್ದೇಶಕರ ಒಪ್ಪಗಿ ಬೇಕ್ರಿ.”

“ಬದಿಗಿಡು ಅಂತ ಹೇಳಿದಾಕಿ ನಾನು. ತಗೀ ಅನ್ನೂದೂ ನಾನಾ. ನನ್ನ ಹೆಸರ ಬರ್ಕೋರಿ.”

ನಜೀರ್ ತೆರೆದ. ಹುಲಿಗೆವ್ವನ ಮೂರು ದಿನಗಳು ಪರದೆಗೆ ಬಂದವು.

ಮೂರೂ ದಿನ ನಡೆದದ್ದು ಒಂದೇ ಬಗೆ. ಬೆಳಿಗ್ಗೆ ಏಳೂವರೆಯಿಂದ ಎಲ್‌ಸಿ-ಮೂರು ಎಂಬ ಪ್ರೊಟೀನಿನ ಗೆರೆ ಏರತೊಡಗಿತ್ತು. ಕೋಶದೊಳಗೆ ಚೀಲಗಳು ಹೆಚ್ಚುತ್ತಿವೆ ಎಂದು ಅದರರ್ಥ. ಗಂಟಿನ ಕೋಶಗಳು ಹಸಿದು, ತಮ್ಮನ್ನು ತಾವೇ ತಿನ್ನಲು ಪೂರ್ತಿ ತೊಡಗಿದ್ದವು. ಒಂಬತ್ತು ಗಂಟೆಗೆ ಸರಿಯಾಗಿ ಪಂಪು ಎಂದಿನ ಮದ್ದು ಹನಿಸಿತ್ತು. ಹಸಿವು ಮಟ್ಟ ಮೀರಿ ಬೀಗ ಬಿದ್ದದ್ದು ಒಂಬತ್ತೂ ಹತ್ತಕ್ಕೆ. ಆ ಹತ್ತು ನಿಮಿಷದಲ್ಲಿ ಹೋದ ಮದ್ದೇ ಸಾಕಾಗಿತ್ತು. ಕಟ್ಟಿದ ಚೀಲಗಳು ಕರಗದೆ ಉಳಿದವು. ಕರಗಬೇಕಾದ ಕಸವನ್ನು ಗುರುತಿಸುವ ಪಿ-ಅರವತ್ತೆರಡು ಎಂಬ ಇನ್ನೊಂದು ಪ್ರೊಟೀನು ರಾಶಿ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಕೋಶಗಳು ಸಾಯತೊಡಗಿದ್ದವು. ಮಲಗಿದ್ದ ಕೋಶಗಳು, ಏನು ಮಾಡಿದರೂ ಸಾಯದಿದ್ದ ಕೋಶಗಳು.

ಗಂಟು ಇಪ್ಪತ್ತೊಂದರಿಂದ ಹದಿನಾಲ್ಕಕ್ಕೆ ಇಳಿದಿತ್ತು.

“ಹೃದಯದ್ದು ತೋರಸ್ರಿ,” ಎಂದಳು ಇಂದುಮತಿ.

ಹೃದಯದ ಗೆರೆಯಲ್ಲಿ ಸಣ್ಣದೊಂದು ಏರಿಳಿತವಿತ್ತು, ಎರಡು ಗಂಟೆಯಲ್ಲಿ ಸರಿಹೋಗಿತ್ತು. ಒಳ್ಳೆಯ ಕೋಶಕ್ಕೆ ಬದುಕಲು ಬೇರೆ ದಾರಿಗಳೂ ಇದ್ದವು. ಗಂಟಿನ ಕೋಶಕ್ಕೆ ಅದೊಂದೇ ದಾರಿ ಉಳಿದಿತ್ತು.

“ಕೈಬಿಟ್ಟವರದೆಲ್ಲಾ ತಗೀರಿ.”

ಇನ್ನೂರ ಹದಿಮೂರು ಜನ. ಬಸ್ ಕಂಡಕ್ಟರು, ಗಾರೆ ಕೆಲಸದವರು, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು, ಕಲ್ಯಾಣ ಮಂಟಪಗಳಲ್ಲಿ ಪಾತ್ರೆ ತಿಕ್ಕುವವರು. ಹೊತ್ತಿಗೆ ಸರಿಯಾಗಿ ತಿನ್ನಲು ಆಗದವರೆಲ್ಲ ಆ ಪಟ್ಟಿಯಲ್ಲಿದ್ದರು. ಇಬ್ಬರೂ ಸಂಜೆಯವರೆಗೆ ಕೂತು ಸಾಲು ಸಾಲಾಗಿ ನೋಡಿದರು. ನೂರ ನಲವತ್ತು ಜನರ ಗಂಟು ಕುಗ್ಗುತ್ತಿದ್ದ ಹೊತ್ತಿನಲ್ಲೇ ಅವರ ಕಾಳನ್ನು ಆರಿಸಲಾಗಿತ್ತು. ಇನ್ನೂರ ಹದಿಮೂರರಲ್ಲಿ ಎಪ್ಪತ್ನಾಲ್ಕು ಹೆಸರುಗಳ ಮುಂದೆ ಸಾವಿನ ತಾರೀಕಿತ್ತು.

ನಜೀರ್ ಕನ್ನಡಕ ತೆಗೆದು ಒರೆಸಿಕೊಂಡ. “ಇವರ ಕಾಳು ಆರಿಸಿದ ಗುಂಡಿ ಒತ್ತಿದವ ನಾನಾ ಅದೀನ್ರಿ ಮೇಡಂ.”

“ಒತ್ತು ಅಂತ ಬರದಾಕಿ ನಾನು,” ಎಂದಳು ಇಂದುಮತಿ.

*

ನಾಲ್ಕನೆಯ ದಿನ ನಿರ್ದೇಶಕ ಡಾಕ್ಟರ್ ಗಲಗಲಿ ಎಲ್ಲವನ್ನೂ ನಿಧಾನವಾಗಿ ನೋಡಿದರು. ಕೆಟ್ಟ ಮನುಷ್ಯರಲ್ಲ. ಹದಿನೈದು ವರ್ಷ ಓಡಾಡಿ ಈ ಕೇಂದ್ರವನ್ನು ಕಟ್ಟಿದವರು. ಮೂರು ಸಾವಿರ ಜನ ಇದರಿಂದ ಉಸಿರಾಡುತ್ತಿದ್ದರು.

“ಕುತೂಹಲದ ಸಂಗತಿ ಅದ,” ಎಂದರು. “ಇಲಿಗಳ ಮ್ಯಾಲ ಮಾಡ್ರಿ. ಎರಡು ವರ್ಷ ತಗೋರಿ. ಆಮ್ಯಾಲ ನೋಡೋಣ.”

“ಹುಲಿಗೆವ್ವಾರಿಗೆ ಉಳದಿರೂದು ಹತ್ತು ದಿನ ಸರ್.”

“ನೋಡ್ರಿ ಇಂದುಮತಿ, ಹಸಿದವರಿಗೆ ಬೇಕಂತ ಮದ್ದು ಕೊಟ್ಟು, ನಾಳೆ ಒಬ್ಬರ ಹೃದಯ ನಿಂತ್ರ? ಕೇಂದ್ರ ಮುಚ್ಚತಾರ. ಮೂರು ಸಾವಿರ ಮಂದಿ ಎಲ್ಲಿಗೆ ಹೋಗಬೇಕು? ಈ ಎಪ್ಪತ್ನಾಲ್ಕರ ಲೆಕ್ಕ ಹೊರಗ ಹೋದ್ರೂ ಅದಾ ಆಗ್ತದ.”

“ಅವರು ಸತ್ತದ್ದು ನಮ್ಮಿಂದ.”

“ಅವರು ಸತ್ತದ್ದು ಕ್ಯಾನ್ಸರಿನಿಂದ,” ಎಂದರು ಗಲಗಲಿ. ಕಾಗದಗಳನ್ನು ಹಿಂದಕ್ಕೆ ಕೊಟ್ಟು, “ಹದಿನಾಲ್ಕನೇ ದಿನ ಆ ಕಾಳು ಆರಬೇಕು. ಬದಿಗಿಟ್ಟ ಸಾಲು ಮತ್ತ ತಗೀಬ್ಯಾಡ್ರಿ,” ಎಂದರು.

ಇಂದುಮತಿ ಮರುದಿನ ರಜೆ ಹಾಕಿ ಹಳೇ ಹುಬ್ಬಳ್ಳಿಗೆ ಹೋದಳು. ಹುಲಿಗೆವ್ವನ ಮನೆ ಎರಡು ಕೋಣೆಯದು. ಗಂಡ ಫಕೀರಪ್ಪ ಆಟೋ ನಿಲ್ಲಿಸಿ ಆಗಷ್ಟೇ ಒಳಗೆ ಬಂದಿದ್ದ. ಗೋಡೆಗೆ ತೂಗು ಹಾಕಿದ್ದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಂಡತಿಯ ಊಟದ ವೇಳೆಗಳನ್ನು ಬರೆದಿಟ್ಟಿದ್ದ. ಪ್ರತಿ ವೇಳೆಯ ಮುಂದೆ ಒಂದು ಗೀಟು. ಏಳೂವರೆಯ ಮುಂದೆ ಮಾತ್ರ ಖಾಲಿ.

ಇಂದುಮತಿ ಏನನ್ನೂ ಮುಚ್ಚಿಡಲಿಲ್ಲ. ಗಂಟು ಕುಗ್ಗಿದ್ದನ್ನು ಹೇಳಿದಳು. ಅದು ಏಕೆ ಕುಗ್ಗಿತೆಂದು ಹೇಳಿದಳು. ಬೀಗವನ್ನು ಒಂದು ಗಂಟೆ ತಡವಾಗಿ ಹಾಕಿದರೆ ಗಂಟು ಪೂರ್ತಿ ಹೋಗಬಹುದೆಂದೂ, ಹೃದಯಕ್ಕೆ ಪೆಟ್ಟು ಬೀಳಬಹುದೆಂದೂ ಹೇಳಿದಳು. ಕೊನೆಗೆ ಕೈಬಿಟ್ಟ ಇನ್ನೂರ ಹದಿಮೂರರಲ್ಲಿ ಸತ್ತ ಎಪ್ಪತ್ನಾಲ್ಕು ಜನರ ಸಂಗತಿ ಹೇಳಿದಳು. ಆ ನಿಯಮ ಬರೆದದ್ದು ತಾನೇ ಎಂದೂ ಹೇಳಿದಳು.

ಫಕೀರಪ್ಪ ತಡೆದುಕೊಳ್ಳಲಾಗದೆ ಎದ್ದು ನಿಂತ. “ಹಲಗಿ ನೋಡ್ರಿ ಮೇಡಂ. ಎರಡು ವರ್ಷ ಏಳೂವರಿ ಗೀಟು ಬೀಳಲಿಲ್ಲಂತ ನಾ ಈಕಿ ಜೋಡಿ ದಿನಾ ಜಗಳಾಡೀನಿ. ನೀನಾ ನಿನ್ನ ಜೀವ ತಗೋಳಾಕತ್ತಿ ಅಂತ ಬೈದೀನಿ.”

ಹುಲಿಗೆವ್ವ ಅವನ ತೋಳು ಹಿಡಿದು ಕೂರಿಸಿದಳು. ಅವಳ ಮುಖ ಬಿಗಿದಿತ್ತು.

“ಬೀಗ ತಗೀರಿ. ನಾ ತಯಾರದೀನಿ,” ಎಂದಳು. “ಆದ್ರ ನಾ ಒಬ್ಬಾಕೀನಾ ನಿಮ್ಮ ಇಲಿ ಆಗಾಂಗಿಲ್ಲ. ನಾ ಒಬ್ಬಾಕಿ ಉಳದ್ರ ಪುಣ್ಯ ಅಂತೀರಿ, ಸತ್ರ ಹಣೇಬರ ಅಂತೀರಿ. ಉಳದ ನೂರಾ ಮೂವತ್ತೊಂಬತ್ತು ಮಂದೀನೂ ಕರೀರಿ.”

“ಹೆಸರ ಹೇಳೂದು ನಿಯಮದಾಗ ಇಲ್ಲ.”

“ನೀವು ಹೇಳಬ್ಯಾಡ್ರಿ. ನಾ ಹುಡಕ್ತೀನಿ. ನಿಮ್ಮ ಬಾಗಲದಾಗ ಅತ್ಕೊಂತ ಬಂದವರನ್ನ ಮನಿಗೆ ಬಿಟ್ಟಾಂವ ಯಾರಂತೀರಿ? ಇವನಂಥಾ ಆಟೋದವರಾ.”

ಫಕೀರಪ್ಪ ಆಗಲೇ ಫೋನು ತೆಗೆದಿದ್ದ.

*

ಹದಿಮೂರನೆಯ ದಿನ ಬೆಳಿಗ್ಗೆ ಎಂಟೂವರೆಗೆ ಕೇಂದ್ರದ ಮುಂದೆ ಆಟೋಗಳು ಸಾಲಾಗಿ ನಿಂತವು. ಹುಡುಕಿ ಸಿಕ್ಕು, ಹುಲಿಗೆವ್ವನ ಜೊತೆ ಬಂದಿಳಿದವರು ಮೂವತ್ತೊಂಬತ್ತು ಜನ. ಕೆಲವರು ನಡೆಯಲಾರದಷ್ಟು ಸೊರಗಿದ್ದರು. ಒಬ್ಬರ ತೋಳು ಒಬ್ಬರು ಹಿಡಿದು ಮೆಟ್ಟಿಲು ಹತ್ತಿದರು. ಕಾವಲುಗಾರ ಅಡ್ಡ ಬಂದಾಗ ಹುಲಿಗೆವ್ವ, “ನಾವು ರೋಗಿಗಳು. ದವಾಖಾನಿಗೆ ಬಂದೀವಿ,” ಎಂದಳು. ಅವನು ಬದಿಗೆ ಸರಿದ. ಅವರೆಲ್ಲ ಎರಡನೆಯ ಮಹಡಿಗೆ ಹೋಗಿ ನಿಯಂತ್ರಣ ಕೊಠಡಿಯ ಗಾಜಿನ ಗೋಡೆಯ ಮುಂದೆ ನೆಲದ ಮೇಲೆ ಕೂತರು. ಹುಲಿಗೆವ್ವ ನಾಲ್ಕೂವರೆಗೆ ರೊಟ್ಟಿ ತಿಂದದ್ದೇ ಕೊನೆ, ಎಂಟರವರೆಗೆ ಎಂದಿನಂತೆ ಓಣಿ ಗುಡಿಸಿ ಬಂದಿದ್ದಳು.

ಆರಿಸಿದ ಕಾಳು ಅವರ ಹೊಟ್ಟೆಯಲ್ಲಿ ಹಾಗೇ ಇತ್ತು. ಹೊತ್ತಿಸಿದರೆ ಓದಲು ಬರುತ್ತಿತ್ತು.

ಗಲಗಲಿಯವರು ಬಂದಾಗ ಇಂದುಮತಿ ನಜೀರನ ಪಕ್ಕದಲ್ಲಿ ನಿಂತಿದ್ದಳು.

“ಇವರ ಕಾಳು ಹೊತ್ತಸಾಕತ್ತೀನಿ ಸರ್. ಬರೇ ಓದಾಕ.”

“ಬ್ಯಾಡ ಅಂತ ಹೇಳ್ತೀನಿ.”

“ಕೇಳಿಸಿಕೊಂಡ್ನಿ ಸರ್,” ಎಂದು ಅವಳು ನಜೀರನ ಕಡೆ ತಿರುಗಿದಳು. ನಜೀರ್ ಒಂದು ಕ್ಷಣ ಗಾಜಿನಾಚೆಗೆ ಕೂತಿದ್ದವರನ್ನು ನೋಡಿದ. ಆಮೇಲೆ ಒಂದೊಂದಾಗಿ ಗುಂಡಿ ಒತ್ತಿದ.

ದೊಡ್ಡ ಪರದೆ ತುಂಬಿತು. ಪ್ರತಿಯೊಬ್ಬರಿಗೂ ಎರಡು ಅಂಕಿ: ಕೈಬಿಟ್ಟ ದಿನ ಗಂಟು ಎಷ್ಟಿತ್ತು, ಈವತ್ತು ಎಷ್ಟಿದೆ. ಹನ್ನೊಂದಿದ್ದದ್ದು ಇಪ್ಪತ್ತಾರು. ಎಂಟಿದ್ದದ್ದು ಹತ್ತೊಂಬತ್ತು. ಇಂದುಮತಿ ಬಾಗಿಲು ತೆರೆದು ಹೊರಗೆ ಬಂದು, ಯಾರ ಅಂಕಿ ಯಾವುದೆಂದು ಅವರವರಿಗೇ ಹೇಳತೊಡಗಿದಳು. ಗದಗಿನ ಒಬ್ಬ ನಿವೃತ್ತ ಬಸ್ ಕಂಡಕ್ಟರ್, ಹನುಮಂತಪ್ಪ ಎಂಬಾತ, ತನ್ನ ಸರದಿ ಬಂದಾಗ ತಲೆ ಎತ್ತಿದ.

“ನಂದು ಎಷ್ಟಿತ್ರಿ?”

“ಆರು. ಇನ್ನೊಂದು ತಿಂಗಳು ಬಿಟ್ಟಿದ್ರ ಹೋಗತಿತ್ತು.”

“ಈಗ?”

“ಮೂವತ್ತೊಂದು.”

ಆತ ಗಾಜಿನಾಚೆ ನಿಂತಿದ್ದ ಗಲಗಲಿಯವರನ್ನು ನೋಡಿ ಹೇಳಿದ: “ಸಾಹೇಬ್ರ, ನಾ ಮೂವತ್ತು ವರ್ಷ ಬಸ್ಸಿನ್ಯಾಗ ನಿಂತಾಂವ. ಅರ್ಧ ದಾರ್ಯಾಗ ಯಾರನ್ನೂ ಇಳಿಸಿಲ್ಲ.”

ಗಲಗಲಿಯವರ ಕಣ್ಣು ಪರದೆಯ ಮೇಲಿತ್ತು. ಮೂವತ್ತೊಂಬತ್ತು ಸಾಲುಗಳಲ್ಲಿ ಮೂವತ್ತಾರು ಒಂದೇ ಕಥೆ ಹೇಳುತ್ತಿದ್ದವು. ಆಕಸ್ಮಿಕ ಎಂದು ತಳ್ಳಿಹಾಕಲು ಅವರಂಥ ವಿಜ್ಞಾನಿಗೆ ಸಾಧ್ಯವಿರಲಿಲ್ಲ.

ಗಂಟೆ ಎಂಟೂ ಐವತ್ತು. ಹುಲಿಗೆವ್ವ ಒಳಗೆ ಬಂದು, ಅಲ್ಲಿ ತಂದಿಟ್ಟಿದ್ದ ಮಂಚದ ಮೇಲೆ ಮಲಗಿದಳು. ಎದೆಗೆ ತಂತಿಗಳನ್ನು ಅಂಟಿಸಿದರು. ಫಕೀರಪ್ಪ ಕಾಲ ಬಳಿ ನಿಂತ.

“ಈ ಬೀಗ ತಗದ್ರ ನಿಮ್ಮ ನೌಕರಿ ಹೋಗ್ತದ ಇಂದುಮತಿ,” ಎಂದರು ಗಲಗಲಿ. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. “ಆಕಿಗೆ ಏನರ ಆದ್ರ ನೀವು ಜೈಲಿಗೆ ಹೋಗ್ತೀರಿ.”

“ಗೊತ್ತೈತಿ ಸರ್.”

“ನನಗೂ ಗೊತ್ತೈತ್ರಿ,” ಎಂದಳು ಮಂಚದ ಮೇಲಿಂದ ಹುಲಿಗೆವ್ವ. “ನನ್ನ ಹೊಟ್ಟಿ, ನನ್ನ ಹಸಿವು. ಹೌದು ಅನ್ನಾಕಿ ನಾನು. ಬರದು ಕೊಟ್ಟೀನಿ. ಓದಿ ನೋಡ್ರಿ.”

ಒಂಬತ್ತಕ್ಕೆ ಪಂಪು ಮದ್ದು ಹನಿಸಿತು. ಒಂಬತ್ತೂ ಹತ್ತಕ್ಕೆ ಬೀಗ ಬೀಳಬೇಕಿತ್ತು. ಇಂದುಮತಿ ತನ್ನ ಗುರುತು ಕೊಟ್ಟು ಅದನ್ನು ತಡೆದಳು. ಮದ್ದು ಇಳಿಯುತ್ತಲೇ ಇತ್ತು. ಒಂಬತ್ತೂ ಇಪ್ಪತ್ತೈದಕ್ಕೆ ಹುಲಿಗೆವ್ವನ ಹಣೆ ಬೆವರಿತು. ಹೃದಯದ ಗೆರೆ ಒಂದೆರಡು ಕಡೆ ತಪ್ಪಿತು. ಫಕೀರಪ್ಪ ಹೆಂಡತಿಯ ಪಾದ ಹಿಡಿದುಕೊಂಡ.

“ನಿಲ್ಲಸಲೇನು?” ಎಂದು ಇಂದುಮತಿ ಬಗ್ಗಿ ಕೇಳಿದಳು. “ನೀವು ಹೇಳಿದ್ರ ಈಗಿಂದೀಗ ನಿಲ್ಲಸ್ತೀನಿ.”

“ಕಸ ಬೀಳಾಕತ್ತೈತೇನು ಒಳಗ?”

“ರಾಶಿ ಬೀಳಾಕತ್ತೈತಿ.”

“ಹಂಗಾದ್ರ ನಿಲ್ಲಸಬ್ಯಾಡ್ರಿ. ಸಂತಿ ದಿನ ಐತಿ.”

ಆಗ ಗಲಗಲಿಯವರು ಹತ್ತಿರ ಬಂದರು. ಇಂದುಮತಿ ತಡೆಯಲು ಬಂದರೆಂದುಕೊಂಡಳು. ಅವರು ಹೃದಯದ ಪರದೆಯ ಮುಂದಿನ ಕುರ್ಚಿಯನ್ನು ಎಳೆದುಕೊಂಡು ಕೂತರು.

“ನೀವು ಗಂಟು ನೋಡ್ರಿ. ಇದನ್ನ ನಾ ನೋಡ್ತೀನಿ,” ಎಂದರು.

ಹತ್ತೂ ಹತ್ತಕ್ಕೆ ಬೀಗ ಹಾಕಿದರು. ಹೃದಯದ ಗೆರೆ ಹನ್ನೆರಡರ ಹೊತ್ತಿಗೆ ಸರಿಹೋಯಿತು. ಗಂಟಿನ ಕೋಶಗಳು ಅದಕ್ಕೆ ಮೊದಲೇ ಸಾಯತೊಡಗಿದ್ದವು. ಅವು ಸಾಯುವಾಗ ಹೊರಬರುವ ಪ್ರೊಟೀನುಗಳ ಗೆರೆ ಪರದೆಯ ಅಂಚು ಮುಟ್ಟಿ, ಇನ್ನೂ ಮೇಲೆ ಹೋಗಲು ಜಾಗವಿಲ್ಲದೆ ಅಲ್ಲೇ ನಿಂತಿತು. ನಜೀರ್ ಅಳತೆಯನ್ನು ಎರಡು ಪಟ್ಟು ಮಾಡಬೇಕಾಯಿತು. ಗಾಜಿನಾಚೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಹೆಂಗಸು ಬಾಗಿಲು ತೆರೆದು, “ಮುಂದಿನ ಪಾಳಿ ಯಾರದ್ರಿ?” ಎಂದು ಕೇಳಿದಳು.

*

ಇಂದುಮತಿಯನ್ನು ಮರುದಿನವೇ ಅಮಾನತು ಮಾಡಿದರು. ವಿಚಾರಣೆ ಏಳು ತಿಂಗಳು ನಡೆಯಿತು. ವಿಚಾರಣಾ ಸಮಿತಿಯ ಮುಂದೆ ಅವಳು ತಾನು ಬೀಗ ತೆಗೆದದ್ದು ಹೌದೆಂದಳು. ಮತ್ತೆ ಅಂಥ ಸಂದರ್ಭ ಬಂದರೆ ಮತ್ತೆ ತೆಗೆಯುತ್ತೇನೆ ಎಂದಳು. ಗಲಗಲಿಯವರು ಆ ದಿನದ ಹೃದಯದ ಅಳತೆಗಳನ್ನು ತಮ್ಮ ಕೈಯಾರೆ ಬರೆದು ತಂದು ಸಮಿತಿಗೆ ಒಪ್ಪಿಸಿದರು. ಆಮೇಲೆ ತಾವೇ ರಾಜೀನಾಮೆ ಕೊಟ್ಟರು. ಕೇಂದ್ರ ಮುಚ್ಚಲಿಲ್ಲ. ಮೂವತ್ತೊಂಬತ್ತು ಜನರ ಪಂಪುಗಳು ಸಮಿತಿಯ ಆದೇಶದಿಂದ ಮತ್ತೆ ಶುರುವಾದವು. ಇಪ್ಪತ್ತೆಂಟು ಜನ ಉಳಿದರು. ಹನುಮಂತಪ್ಪ ಉಳಿಯಲಿಲ್ಲ, ಅವನಿಗೆ ತಡವಾಗಿತ್ತು.

ಪಾರ್ವತೆವ್ವ ಮಗಳ ಅಮಾನತಿನ ಸುದ್ದಿ ಕೇಳಿ ತಟ್ಟೆಯನ್ನು ದೂರ ಸರಿಸಿದ್ದಳಂತೆ. ಹಸಿದು ಮದ್ದು ತೆಗೆದುಕೊಳ್ಳುವ ಹೊಸ ಪದ್ಧತಿಗೆ ಹೆಸರು ನೋಂದಾಯಿಸಿದ ಅನುಕೂಲಸ್ಥರ ಪೈಕಿ ಆಕೆಯೇ ಮೊದಲಿಗಳು.

ಹುಲಿಗೆವ್ವನ ಗಂಟು ಸಾಸಿವೆಯಷ್ಟಾಗಿ ನಿಂತಿತು. ಪೂರ್ತಿ ಹೋಯಿತೆಂದು ಯಾರೂ ಹೇಳಲಿಲ್ಲ. ಅವಳು ಕೆಲಸ ಬಿಡಲಿಲ್ಲ.

ಮದ್ದಿನ ನಿಯಮಗಳನ್ನು ಹೊಸದಾಗಿ ಬರೆಯಲು ಒಂಬತ್ತು ಜನರ ಮಂಡಳಿ ರಚನೆಯಾಯಿತು. ರೋಗಿಗಳ ಪರವಾಗಿ ಹುಲಿಗೆವ್ವನನ್ನು ಆರಿಸಿದರು. ಮೊದಲ ಸಭೆ ಮಧ್ಯಾಹ್ನ ಎರಡು ಗಂಟೆಗೆ. ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ಹೆಸರಿನ ಫಲಕ. ಅಧ್ಯಕ್ಷರು ಸ್ವಾಗತ ಹೇಳಿ ಎಲ್ಲರೂ ಕೂತುಕೊಳ್ಳಬೇಕೆಂದು ಕೋರಿದರು. ಎಲ್ಲರೂ ಕೂತರು. ಹುಲಿಗೆವ್ವ ಕೂರಲಿಲ್ಲ. ಚೀಲದಿಂದ ಒಂದು ಹಾಳೆ ತೆಗೆದಳು. ಹಾಳೆಯಲ್ಲಿದ್ದ ಹೆಸರುಗಳನ್ನು ಅವಳೂ ಫಕೀರಪ್ಪನೂ ಮನೆಮನೆಗೆ ಹೋಗಿ, ಮನೆಯವರ ಒಪ್ಪಿಗೆ ಕೇಳಿ ಬರೆದುಕೊಂಡಿದ್ದರು.

“ನಿಯಮ ಬರಿಯೂದಕ್ಕ ಮೊದಲ ಇದನ್ನ ಬರ್ಕೋರಿ,” ಎಂದಳು.

ಕಾರ್ಯದರ್ಶಿ ಹಾಳೆಯ ಮೇಲೆ ಕಣ್ಣಾಡಿಸಿದ. “ಅಮ್ಮಾ, ಸತ್ತವರ ಹೆಸರನ್ನ ಸಭೆಯ ನಡವಳಿಯಲ್ಲಿ ಸೇರಿಸೋ ಪದ್ಧತಿ ಇಲ್ಲ. ಸಂಖ್ಯೆ ಬೇಕಾದರೆ ಬರೆದುಕೊಳ್ತೇವೆ. ಎಪ್ಪತ್ನಾಲ್ಕು ಅಂತ.”

“ಸಂಖ್ಯಾ ಬರದಾ ಅವರನ್ನ ಕಳಕೊಂಡೀರಿ. ಹೆಸರ ಬರೀರಿ.”

“ಕೂತುಕೊಳ್ಳಿ ಅಮ್ಮಾ, ಮಾತಾಡೋಣ.”

“ನಿಂತು ಅಭ್ಯಾಸ ಐತ್ರಿ ನನಗ. ನೀವು ಬರೀರಿ.”

ಕಾರ್ಯದರ್ಶಿ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಹಾಳೆಯ ಕಡೆ ನೋಡಿದರು, ಹುಲಿಗೆವ್ವನ ಕಡೆ ನೋಡಿದರು, ತಲೆಯಾಡಿಸಿದರು. ಅವಳು ಮೊದಲ ಹೆಸರು ಓದಿದಳು, ಅಪ್ಪನ ಹೆಸರು, ಊರು, ಮಾಡುತ್ತಿದ್ದ ಕೆಲಸ. ಆಮೇಲೆ ಎರಡನೆಯದು. ಕಾರ್ಯದರ್ಶಿ ಅವಸರ ಮಾಡಿದಲ್ಲಿ ತಡೆದು ಮತ್ತೊಮ್ಮೆ ಓದಿದಳು.

ಹದಿನಾರನೆಯ ಹೆಸರಿಗೆ ಮೇಜಿನ ಕೊನೆಯಲ್ಲಿದ್ದ ಒಬ್ಬ ವೈದ್ಯೆ ಎದ್ದು ನಿಂತಳು. ನಲವತ್ತನೆಯದಕ್ಕೆ ಅಧ್ಯಕ್ಷರು ಎದ್ದರು. ಎಪ್ಪತ್ನಾಲ್ಕನೆಯ ಹೆಸರು ಬರೆದು ಮುಗಿಯುವ ಹೊತ್ತಿಗೆ ಆ ಕೋಣೆಯಲ್ಲಿ ಕೂತಿದ್ದವನು ಬರೆಯುತ್ತಿದ್ದ ಕಾರ್ಯದರ್ಶಿ ಒಬ್ಬನೇ.